ಮೇಟಿಯ ಬುಡದ ಲಾಳ

“ಏನೂ ಇರಲಿಲ್ಲ ಸರ್.”

ನಾನು ಹೇಳಿದ್ದು ಇಷ್ಟೇ. ಏಳು ವರ್ಷವಾಯಿತು. ಆ ಮಾತಿನಿಂದ ಒಬ್ಬ ಹುಡುಗಿಯ ಸಂಶೋಧನೆ ನಿಂತುಹೋಯಿತು. ಅಳತೆಯನ್ನು ತಿದ್ದಿದವಳು ಎಂಬ ಹೆಸರು ಹೊತ್ತು ಅವಳು ಊರಿಗೆ ಮರಳಿದಳು. ನಾನು ಮಾತ್ರ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಈಗ ಹಾನಗಲ್ಲಿನಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬರೆಯಬೇಕೆಂದು ನನಗೇ ಹೊಳೆದದ್ದಲ್ಲ, ಬರೆಯಿರಿ ಎಂದವಳು ಅವಳೇ. ಒಂದು ಪುಟ ತುಂಬುವುದರೊಳಗೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬರುತ್ತೇನೆ. ಬೆರಳಿಗಿಂತ ಮೊದಲು ಮನಸ್ಸು ಸೋಲುತ್ತದೆ.

ನನ್ನ ಹುಟ್ಟೂರು ತಿಳವಳ್ಳಿ. ಓದಿದ್ದು ಎಸ್ಸೆಸ್ಸೆಲ್ಸಿ. ಹೊಲದ ಕೆಲಸ ಒಗ್ಗದೆ, ಪರಿಚಯದವರೊಬ್ಬರ ಕೈ ಹಿಡಿದು ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಜವಾನನಾಗಿ ಸೇರಿದೆ. ಮೊದಲು ಚಹಾ ತರುವುದು, ಸಿಲಿಂಡರ್ ಉರುಳಿಸುವುದು. ಆಮೇಲೆ ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಹಾಕಿದರು. ಅಲ್ಲಿ ದ್ರವ ಹೀಲಿಯಂ ತುಂಬುವುದನ್ನು ಕಲಿತೆ. ಅದು ನೀರಿನಂತೆ ಕಾಣುತ್ತದೆ, ಆದರೆ ಅದರಷ್ಟು ತಣ್ಣನೆಯ ವಸ್ತು ಈ ಭೂಮಿಯ ಮೇಲೆ ತಾನಾಗಿ ಎಲ್ಲಿಯೂ ಸಿಗುವುದಿಲ್ಲವಂತೆ. ತುಂಬುವಾಗ ಸ್ವಲ್ಪ ಅವಸರ ಮಾಡಿದರೂ ಎಲ್ಲ ಆವಿಯಾಗಿ ಹಾರಿಹೋಗುತ್ತದೆ. ನನ್ನ ಕೈಯಲ್ಲಿ ಹಾರುತ್ತಿರಲಿಲ್ಲ. ದೊಡ್ಡ ಓದು ಓದಿದವರೂ “ನೀವೇ ತುಂಬಿ” ಎಂದು ನನ್ನನ್ನು ಕಾಯುತ್ತಿದ್ದರು. ಅದರ ಗರ್ವ ನನಗಿತ್ತು. ಈ ಕಥೆಯಲ್ಲಿ ಆ ಗರ್ವಕ್ಕೆ ದೊಡ್ಡ ಪಾಲಿದೆ, ಅದಕ್ಕೇ ಹೇಳಿದೆ.

ಆ ಹುಡುಗಿ ಬಂದ ಮೊದಲ ದಿನ ನಾನು ಕೊಳವೆಗೆ ಬಟ್ಟೆ ಸುತ್ತುತ್ತಾ, “ಹಿಂದಕ್ಕ ಸರೀರಿ, ಥಂಡಿ ಹತ್ತಿದ್ರ ಚರ್ಮ ಕಿತ್ತು ಬರ್ತೈತಿ” ಅಂದೆ. ಅವಳು ನಕ್ಕಳು.

“ಯಾವೂರ್ರಿ ನಿಮ್ಮದು? ನಮ್ಮ ಕಡೆ ಮಾತದಾವ.”

“ತಿಳವಳ್ಳಿ.”

“ನಂದು ಸವಣೂರ್ರಿ. ಇಲ್ಲಿ ಬಂದು ಹದಿನೈದು ದಿನದಾಗ ‘ಐತಿ’ ಅಂದವರು ನೀವ ಮೊದಲಿಗರು. ಇನ್ನ ನಿಮಗ ಕಾಕಾ ಅಂತೇನಿ, ಬ್ಯಾಡ ಅನ್ನಬ್ಯಾಡ್ರಿ.”

ಅವಳ ತಂದೆ ಸವಣೂರಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುವವರು. ಅಜ್ಜ, ಮುತ್ತಜ್ಜನ ಕಾಲದಿಂದಲೂ ಅದೇ ಕಸುಬು. ಎತ್ತನ್ನು ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಗೊರಸು ಹೆರೆದು, ಅರ್ಧ ವೀಳ್ಯದೆಲೆಯಷ್ಟು ಕಬ್ಬಿಣದ ತಗಡನ್ನು ಮೊಳೆ ಹೊಡೆದು ಕೂಡಿಸುವ ಕೆಲಸ. ಆ ಮನೆಯ ಮಗಳು ಬೆಳಕಿನ ವಿದ್ಯೆ ಕಲಿಯಲು ಬಂದಿದ್ದಳು.

ಅವಳ ಕೆಲಸವೇನೆಂದು ನಾನು ಕೇಳಿದಾಗಲೆಲ್ಲ ಬೇಸರವಿಲ್ಲದೆ ಹೇಳುತ್ತಿದ್ದಳು. ಕೆಲವು ವಸ್ತುಗಳನ್ನು ಬಹಳ ತಣ್ಣಗೆ ಮಾಡಿದರೆ ಅವುಗಳಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಅವಕ್ಕೆ ಅತಿವಾಹಕ ಎಂದು ಹೆಸರು. ಆಗ ಒಳಗಿನ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗುತ್ತವೆ. ಸಾಮಾನ್ಯ ಅತಿವಾಹಕದಲ್ಲಿ ಆ ಜೋಡಿಗಳಿಗೆ ಎಡ ಬಲವೆಂಬುದಿಲ್ಲ. ಆದರೆ ಅವಳ ಬಳಿ ಇದ್ದ ಹರಳು ಬೇರೆ ಜಾತಿಯದು. ಜೋಳದ ಕಾಳಿನಷ್ಟು ದೊಡ್ಡದು, ಬೂದು ಬಣ್ಣ, ಒಂದು ಮಗ್ಗುಲು ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

“ಕಾಕಾ, ನೀವು ಹಂತಿ ಹೊಡದೀರೇನು?” ಎಂದು ಕೇಳಿದಳು ಒಂದು ದಿನ.

ಹೊಡೆಯದೆ ಏನು? ನಾನು ಸಣ್ಣವನಿದ್ದಾಗ ಕಣದ ನಡುವೆ ಮೇಟಿಯ ಕಂಬ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಕಾಳು ಉದುರಲೆಂದು ತೆನೆಯ ಮೇಲೆ ಸುತ್ತ ತಿರುಗಿಸುತ್ತಿದ್ದೆವು.

“ಈ ಹರಳಿನಾಗ ಜೋಡಿಗೋಳು ಹಂತಿ ಎತ್ತಿನಂಗ ತಿರಗತಾವೇನೋ ಅಂತ ಗುಮಾನಿ. ಎಲ್ಲಾ ಎಡಕ್ಕ, ಇಲ್ಲಾ ಎಲ್ಲಾ ಬಲಕ್ಕ. ಕಣ್ಣಿಗೆ ಕಾಣಂಗಿಲ್ಲ, ತಂತಿ ಹಚ್ಚಿ ನೋಡಿದ್ರೂ ತಿಳಿಯಂಗಿಲ್ಲ. ಬೆಳಕು ಬಿಟ್ಟು ನೋಡಬೇಕು. ಬೆಳಕಿಗೂ ಒಂದು ನಿಲುವು ಇರತೈತಿ, ಕೋಲು ಹಿಡದಂಗ. ಹಂತಿ ತಿರಗತಿದ್ರ, ಹರಳಿಗೆ ತಾಕಿ ವಾಪಸ್ ಬರೋ ಬೆಳಕಿನ ಕೋಲು ಚೂರ ಓರೆ ಆಗಿರತೈತಿ.”

“ಎಷ್ಟು ಓರೆ?”

ಅವಳು ಕಾಗದದ ಮೇಲೆ ಗೀಚಿ ಲೆಕ್ಕ ಹಾಕಿದಳು. “ಹಾನಗಲ್ಲಿಂದ ಹಿರೇಕೆರೂರ ತನಕ ಒಂದ ದಾರ ಬಿಗಿಯಾಗಿ ಕಟ್ರಿ. ಹಿರೇಕೆರೂರಾಗ ಅದರ ತುದಿ ಒಂದು ಎಳ್ಳಕಾಳಿನಷ್ಟು ಬಾಜೂಕ ಸರಸ್ರಿ. ಹಾನಗಲ್ಲಾಗ ಕುಂತು ಅದನ್ನ ಕಂಡು ಹಿಡೀಬೇಕು.”

“ಹುಚ್ಚ ಹಿಡದೈತಿ ನಿಮಗೆಲ್ಲಾ” ಅಂದೆ. ಅವಳು ಹೌದೆಂದು ತಲೆಯಾಡಿಸಿದಳು.

ಇಷ್ಟು ಸೂಕ್ಷ್ಮ ಅಳತೆಗೆ ದೊಡ್ಡ ವೈರಿಯೆಂದರೆ ಆಯಸ್ಕಾಂತ. ಭೂಮಿಯದೇ ಸಣ್ಣ ಕಾಂತಶಕ್ತಿ ಇದೆಯಲ್ಲ, ಅದೂ ಒಳಗೆ ಹೋಗಬಾರದು. ಅದಕ್ಕಾಗಿ ಹರಳಿರುವ ತಂಪು ಪಾತ್ರೆಯ ಸುತ್ತ ಗಡಿಗೆಯೊಳಗೆ ಗಡಿಗೆ ಇಟ್ಟಂತೆ ಮೂರು ಪದರದ ಲೋಹದ ಕವಚ. ಅದನ್ನು ಬಿಚ್ಚುವುದು, ಮುಚ್ಚುವುದು ನನ್ನ ಕೆಲಸ. ಕಬ್ಬಿಣ ಕೂಡದೆಂದು ತಿರುಪುಗಳೂ ಹಿತ್ತಾಳೆಯವೇ. ಕವಚದ ಹತ್ತಿರ ಹೋಗುವ ಮೊದಲು ಕೀಲಿ, ಗಡಿಯಾರ, ಬೆಲ್ಟು ಎಲ್ಲವನ್ನೂ ಬಾಗಿಲ ಬಳಿಯ ತಟ್ಟೆಯಲ್ಲಿ ಹಾಕಬೇಕು. ಹೊಸದಾಗಿ ಬಂದವರಿಗೆ ಈ ನಿಯಮ ಹೇಳಿಕೊಡುತ್ತಿದ್ದವನು ನಾನೇ.

ಎರಡು ವರ್ಷ ಅವಳಿಗೆ ಯಾವುದೂ ಕೈಹತ್ತಲಿಲ್ಲ. ಒಮ್ಮೆ ಪಾತ್ರೆ ಸೋರಿತು. ಒಮ್ಮೆ ಬೆಳಕು ಹೋಗುವ ಗಾಜಿನ ಕಿಟಕಿ ಸೀಳಿತು. ಇನ್ನೊಮ್ಮೆ ಎಲ್ಲ ಸರಿಯಾಗಿ ಹರಳು ತಣ್ಣಗಾಗುವ ಹೊತ್ತಿಗೆ ಕರೆಂಟು ಹೋಯಿತು. ಜೊತೆಯ ವಿದ್ಯಾರ್ಥಿಗಳು ಬಾಯಿಗೆ ಬಂದದ್ದು ಆಡತೊಡಗಿದರು. ಅವಳು ಮುಟ್ಟಿದರೆ ಯಂತ್ರ ಕೆಡುತ್ತದೆ ಎಂದು ಒಬ್ಬ ನನ್ನೆದುರಿಗೇ ನಕ್ಕ. ಅವಳಿಗೆ ಮಾರ್ಗದರ್ಶಕರಾಗಿದ್ದ ಸರ್ ಕೆಟ್ಟವರಲ್ಲ, ಆದರೆ ಅವರಿಗೂ ತಾಳ್ಮೆ ತೀರುತ್ತಿತ್ತು. “ಈ ವರ್ಷದೊಳಗೆ ಏನಾದರೂ ಬರದಿದ್ದರೆ ವಿಷಯ ಬದಲಿಸಬೇಕಾಗುತ್ತದೆ” ಎಂದಿದ್ದರು.

ಅದೇ ಹೊತ್ತಿಗೆ ನಾನು ರಜೆಯ ಮೇಲೆ ಊರಿಗೆ ಹೊರಟೆ. ಅವಳು ತಂದೆಗೆಂದು ಒಂದು ಕನ್ನಡಕ ಕೊಟ್ಟು ಕಳಿಸಿದಳು. ಸವಣೂರಿಗೆ ಹೋದೆ. ತಂದೆ ಬೇವಿನ ಗಿಡದ ಬುಡದಲ್ಲಿ ಕೂತು ಲಾಳ ಬಡಿಯುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿದ್ದವು, ದಿನಕ್ಕೆ ಒಂದು ಜೋಡಿ ಬಂದರೆ ಹೆಚ್ಚು. ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿ, “ಅಣ್ಣಾರ, ನೀವು ಇಷ್ಟ ಮುದುಕರಿದ್ದೀರೇನ್ರಿ?” ಎಂದರು. ಇಬ್ಬರೂ ನಕ್ಕೆವು.

ಮಗಳ ಕೆಲಸ ಹೇಗಿದೆ ಎಂದು ಕೇಳಿದರು. ನಾನು ಇದ್ದದ್ದನ್ನು ಹೇಳಿಬಿಟ್ಟೆ.

“ನಜರ್ ಆಗೈತ್ರಿ” ಎಂದರು ಅವರು, ಸುತ್ತಿಗೆ ಕೆಳಗಿಟ್ಟು. “ನಮ್ಮ ಓಣ್ಯಾಗ ಅಷ್ಟ ದೂರ ಹೋಗಿ ಓದಿದ ಹುಡುಗಿ ಯಾರದಾರ ಹೇಳ್ರಿ. ಎಲ್ಲಾರ ಕಣ್ಣೂ ಅಕೀ ಮ್ಯಾಲ.”

ತಿಳವಳ್ಳಿಯ ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಸುಗ್ಗಿಯಲ್ಲಿ ಕಣ ಮಾಡುವಾಗ ಮೇಟಿಯ ಕುಣಿಯಲ್ಲಿ ಸವೆದ ಲಾಳವೊಂದನ್ನು ಹಾಕಿ, ಅದರ ಮೇಲೆ ಕಂಬ ನಿಲ್ಲಿಸುತ್ತಿದ್ದರು. ರಾಶಿಗೆ ದೃಷ್ಟಿ ತಾಗಬಾರದೆಂದು. ದಾರಿ ತುಳಿದು ಸವೆದ ಲಾಳವೇ ಬೇಕು, ಹೊಸದು ನಡೆಯುವುದಿಲ್ಲ. ಆ ಹುಡುಗಿ ಹಂತಿಯ ಮಾತು ಆಡಿದಾಗಿನಿಂದ ನನ್ನ ಕಣ್ಣಿಗೆ ಆ ತಂಪು ಪಾತ್ರೆ ಮೇಟಿಯಂತೆಯೇ ಕಾಣುತ್ತಿತ್ತು.

“ಸಾಹೇಬ್ರ, ನಜರ್‌ಗೆ ಒಂದು ಹಳೇ ಲಾಳ ಕೊಡ್ರಿ” ಅಂದೆ.

ಅವರು ಹಳೆಯ ಲಾಳಗಳ ಗುಡ್ಡೆಯಲ್ಲಿ ಬಹಳ ಹೊತ್ತು ಹುಡುಕಿದರು. ಸಿಕ್ಕಿದ್ದು ಸ್ವಲ್ಪ ಬಾಗಿತ್ತು. ಕಲ್ಲಿನ ಮೇಲಿಟ್ಟು ಎಂಟು ಹತ್ತು ಪೆಟ್ಟು ಹಾಕಿ ನೆಟ್ಟಗೆ ಮಾಡಿ, ತಮ್ಮ ಅಂಗಿಗೆ ಒರೆಸಿ ಕೊಟ್ಟರು.

ಕಬ್ಬಿಣ ಒಳಗೆ ಹೋಗಬಾರದೆಂದು ನನಗೆ ತಿಳಿಯದೆ ಇತ್ತೇ? ತಿಳಿದಿತ್ತು. ಅದಕ್ಕೇ ಪರೀಕ್ಷೆ ಮಾಡಿದೆ. ಲಾಳವನ್ನು ಗುಂಡುಪಿನ್ನಿನ ಡಬ್ಬಿಯ ಮೇಲೆ ಹಿಡಿದೆ, ಒಂದು ಪಿನ್ನೂ ಎದ್ದು ಬರಲಿಲ್ಲ. ಇದು ಸತ್ತ ಕಬ್ಬಿಣ, ಇದರಲ್ಲಿ ಏನೂ ಇಲ್ಲ ಎಂದುಕೊಂಡೆ. ಇಷ್ಟು ವರ್ಷ ಇವರ ನಡುವೆ ಇದ್ದು ನಾನೂ ಪರೀಕ್ಷೆ ಮಾಡಿ ನೋಡುವವನಾಗಿದ್ದೇನೆಂಬ ಹೆಮ್ಮೆ ಬೇರೆ. ಹಿಂತಿರುಗಿದ ಮೇಲೆ ಕವಚ ಮುಚ್ಚುವ ದಿನ, ತಳದಲ್ಲಿ ಹಾಸಿದ್ದ ದಪ್ಪ ಉಣ್ಣೆಯ ಬಟ್ಟೆ ಎತ್ತಿ ಅದರಡಿಗೆ ಲಾಳವನ್ನು ಸೇರಿಸಿದೆ. ಮೇಟಿಯ ಬುಡಕ್ಕೆ. ಹಿತ್ತಾಳೆಯ ತಿರುಪುಗಳನ್ನು ಬಿಗಿದೆ. ಯಾರಿಗೂ ಹೇಳಲಿಲ್ಲ.

ಆ ವಾರವೇ ಅವಳ ಅಳತೆ ಬಂತು.

ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಹೋಗುತ್ತಿತ್ತು. ಹರಳು ತಣ್ಣಗಾಗುತ್ತಾ ಆಗುತ್ತಾ, ಅತಿವಾಹಕವಾಗುವ ಹಂತ ಬಂದ ಕೂಡಲೇ ಗೆರೆ ಬಾಗಿತು. ಬೆಳಕಿನ ಕೋಲು ಎಳ್ಳಕಾಳಿನಷ್ಟು ಎಡಕ್ಕೆ ಓರೆಯಾಗಿತ್ತು. ಅವಳು ಕುರ್ಚಿಯಿಂದ ಎದ್ದು ನಿಂತಳು, ಮತ್ತೆ ಕೂತಳು.

“ಕಾಕಾ, ಎತ್ತು ತಿರಗಾಕತ್ತಾವ” ಅಂದಳು. ದನಿ ಬಹಳ ಸಣ್ಣದಾಗಿತ್ತು.

ಸರ್ ಪೇಡೆ ತರಿಸಿದರು. “ನಿಮ್ಮ ಕೈಗುಣಾನೂ ಐತಿ ಬಿಡ್ರಿ” ಎಂದು ಅವಳು ನನಗೆ ಎರಡು ಪೇಡೆ ಕೊಟ್ಟಳು. ನಾನು ಮನಸ್ಸಿನಲ್ಲಿ ಸವಣೂರಿನ ಬೇವಿನ ಗಿಡಕ್ಕೆ ಕೈಮುಗಿದೆ.

ಆಮೇಲಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಅಳೆದರು. ಪ್ರತಿ ಸಲವೂ ಬಂತು, ಪ್ರತಿ ಸಲವೂ ಎಡಕ್ಕೇ ಬಂತು. ಸರ್ ಪ್ರಬಂಧ ಬರೆಯಲು ಕೂತರು. ಕೂತವರು ಒಂದು ದಿನ ಬರೆಯುವುದನ್ನು ನಿಲ್ಲಿಸಿದರು. ಅವಳು ಆ ಮಧ್ಯಾಹ್ನ ಬಂದು ನನ್ನ ಸ್ಟೂಲಿನ ಪಕ್ಕದಲ್ಲಿ ಕೂತಳು.

“ಕಾಕಾ, ಹರಳು ಬಿಸಿಯಾದಾಗ ಹಂತಿ ಬಿಚ್ಚತೈತಿ. ಮತ್ತ ತಣ್ಣಗಾದಾಗ ಹೊಸದಾಗಿ ಕಟ್ಟತೈತಿ. ಅದು ಒಮ್ಮೆ ಎಡಕ್ಕ, ಒಮ್ಮೆ ಬಲಕ್ಕ ತಿರಗಬೇಕು, ತನ್ನ ಮನಸಿಗೆ ಬಂದಂಗ. ನಮ್ಮದು ಬರೇ ಎಡಕ್ಕ ತಿರಗಾಕತ್ತೈತಿ. ಯಾರೋ ಹಗ್ಗ ಹಿಡದಾರ ಅಂತ ಸರ್‌ಗೆ ಅನುಮಾನ. ಎಲ್ಲೋ ಆಯಸ್ಕಾಂತ ಐತಿ ಅಂತಾರ. ನಾಳೆ ಹನ್ನೊಂದಕ್ಕ ಕವಚ ಬಿಚ್ಚಿ ಮೀಟರ್ ಇಟ್ಟು ನೋಡೂದು.”

ಹೀಲಿಯಂ ಚೆಲ್ಲಿಕೊಂಡರೂ ನನಗೆ ಅಷ್ಟು ಥಂಡಿ ಹತ್ತುತ್ತಿರಲಿಲ್ಲ.

ಆಗಲೇ ಹೇಳಬಹುದಿತ್ತು. ಅವಳು ಪಕ್ಕದಲ್ಲೇ ಇದ್ದಳು, ಬೇರೆ ಯಾರೂ ಇರಲಿಲ್ಲ. ಬಾಯಿ ತೆರೆದೆ. ಆದರೆ ಪಿನ್ನಿನ ಡಬ್ಬಿ, ಮೇಟಿ, ದೃಷ್ಟಿ ಎಂದು ಸರ್ ಎದುರು ಹೇಳುತ್ತಿರುವ ನಾನು, ಸುತ್ತ ನಗುವ ಹುಡುಗರು ಕಣ್ಣೆದುರು ಬಂದರು. ಇಷ್ಟು ವರ್ಷ ಹೀಲಿಯಂ ತುಂಬಿ ಸಂಪಾದಿಸಿದ ಮರ್ಯಾದೆ ಒಂದು ಲಾಳದಲ್ಲಿ ಹೋಗುತ್ತದೆಂದು ತೋರಿತು. ಕೆಲಸ ಹೋಗುವ ಭಯವಿತ್ತೆಂದು ಹಲವು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ನನಗೆ ಹೆಚ್ಚು ಭಯವಿದ್ದದ್ದು ನಗೆಗೆ.

ಮರುದಿನ ಎಂಟು ಗಂಟೆಗೇ ಬಂದೆ. ಕವಚ ಬಿಚ್ಚಿ, ಬಟ್ಟೆಯಡಿಯ ಲಾಳ ತೆಗೆದು, ರೊಟ್ಟಿಯ ಚೀಲದಲ್ಲಿ ಡಬ್ಬಿಯ ಕೆಳಗೆ ಇಟ್ಟುಕೊಂಡೆ. ಮತ್ತೆ ತಿರುಪು ಬಿಗಿದೆ. ಹನ್ನೊಂದಕ್ಕೆ ಎಲ್ಲರೆದುರು ಅದೇ ತಿರುಪುಗಳನ್ನು ಇನ್ನೊಮ್ಮೆ ಬಿಚ್ಚಿದೆ. ಮೀಟರು ಏನನ್ನೂ ತೋರಿಸಲಿಲ್ಲ. ಮಧ್ಯಾಹ್ನ ಅದೇ ಚೀಲದಿಂದ ರೊಟ್ಟಿ ತೆಗೆದು ತಿಂದೆ.

ಆಮೇಲೆ ಮೂರು ಸಲ ಅಳೆದರು. ಗೆರೆ ಬಾಗಲೇ ಇಲ್ಲ.

ಸರ್ ತಮ್ಮ ಕೋಣೆಗೆ ನಮ್ಮಿಬ್ಬರನ್ನು ಕರೆದರು. ಅವಳ ಹಳೆಯ ಅಳತೆಗಳೆಲ್ಲ ಮೇಜಿನ ಮೇಲಿದ್ದವು. ಆ ದಿನಗಳಲ್ಲಿ ಯಂತ್ರದ ಮುಂದೆ ಕೂತವಳು ಅವಳೊಬ್ಬಳೇ.

“ಕವಚ ಬಿಚ್ಚುವವರು ನೀವೊಬ್ಬರೇ” ಎಂದರು ಸರ್ ನನಗೆ. “ಯೋಚಿಸಿ ಹೇಳಿ. ಒಳಗೆ ಏನಾದರೂ ಇತ್ತೇ? ಒಂದು ಮೊಳೆ, ಒಂದು ಕೀಲಿ, ಏನಾದರೂ?”

“ಏನೂ ಇರಲಿಲ್ಲ ಸರ್.”

ಅವಳು ನನ್ನ ಕಡೆ ತಿರುಗಿದಳು. ಅನುಮಾನದಿಂದಲ್ಲ. ಅವಳ ಪರವಾಗಿ ನಾನು ಇನ್ನೊಂದು ಮಾತು ಹೇಳುತ್ತೇನೇನೋ ಎಂದು ಕಾದಂತಿತ್ತು. ನಾನು ಗೋಡೆಯ ಗಡಿಯಾರ ನೋಡಿದೆ.

“ಹಾಗಾದರೆ ಇದು ಎಲ್ಲಿಂದ ಬಂತು?” ಎಂದು ಸರ್ ಕಾಗದಗಳ ಮೇಲೆ ಕೈಯಿಟ್ಟರು. ಮೊಕದ್ದಮೆ, ಕಾಗದ ಪತ್ರ ಏನೂ ಆಗಲಿಲ್ಲ. ಅವಳು ಅಳತೆ ತಿದ್ದಿದಳಂತೆ ಎಂಬ ಮಾತು ಒಂದು ತಿಂಗಳೊಳಗೆ ಎಲ್ಲರಿಗೂ ಮುಟ್ಟಿತು, ಅಷ್ಟೇ. ಅವಳು ಪದವಿ ಇಲ್ಲದೆ ಊರಿಗೆ ಹೋದಳು. ಹೋಗುವ ದಿನ ನನ್ನ ಸ್ಟೂಲಿನ ಮೇಲೆ ಒಂದು ಜೊತೆ ಹೊಸ ಉಣ್ಣೆಯ ಕೈಗವಸು ಇಟ್ಟು ಹೋಗಿದ್ದಳು, ಹೀಲಿಯಂ ತುಂಬುವಾಗ ಹಾಕಿಕೊಳ್ಳಲಿ ಎಂದು. ನಾನು ಅವನ್ನು ಒಮ್ಮೆಯೂ ಹಾಕಿಕೊಳ್ಳಲಿಲ್ಲ.

ನಿವೃತ್ತನಾಗಿ ಬಂದ ವರ್ಷ ಸವಣೂರಿನ ದವಾಖಾನೆಯಲ್ಲಿ ಅವಳ ತಂದೆ ಎದುರಾದರು. ಉಸಿರಾಟದ ತೊಂದರೆಗೆ ತೋರಿಸಲು ಬಂದಿದ್ದರು, ಬಹಳ ಇಳಿದಿದ್ದರು. ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂಡಿಸಿಕೊಂಡರು.

“ಅಣ್ಣಾರ, ಒಂದು ಮಾತು ಕೇಳ್ತೇನಿ, ಖರೆ ಹೇಳ್ರಿ. ನನ್ನ ಮಗಳು ಸುಳ್ಳು ಮಾಡಿದ್ಲೇನ್ರಿ?”

“ಇಲ್ರಿ ಸಾಹೇಬ್ರ. ಅಕಿ ಅಂಥಾಕಿ ಅಲ್ಲ.”

“ಮತ್ತ ಯಾಕ ಹಂಗ ಆತು?”

“ಯಂತ್ರದ್ದು ಹಂಗರಿ. ಒಮ್ಮೊಮ್ಮೆ ಹೇಳಾಕ ಬರಂಗಿಲ್ಲ.”

ಅವರು ತಲೆಯಾಡಿಸಿದರು. “ನಾ ಕೊಟ್ಟ ಲಾಳಾನೂ ಕೆಲಸ ಮಾಡಲಿಲ್ಲ ನೋಡ್ರಿ” ಎಂದರು. ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಹೀಗೆ ವರ್ಷಗಳು ಹೋದವು. ಲಾಳ ನನ್ನ ಟ್ರಂಕಿನಲ್ಲಿ ಹಳೆಯ ಧೋತರದ ಕೆಳಗಿತ್ತು. ಎಸೆಯಲು ಎರಡು ಸಲ ಕೆರೆಯ ತನಕ ಹೋಗಿದ್ದೆ, ಎಸೆಯದೆ ಬಂದಿದ್ದೆ.

ಈ ಶ್ರಾವಣದಲ್ಲಿ ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಹಿಂದಿನಿಂದ “ಕಾಕಾ!” ಎಂದು ಯಾರೋ ಕೂಗಿದರು. ಅವಳೇ. ಕೈಯಲ್ಲಿ ನೋಟುಬುಕ್ಕುಗಳ ಕಟ್ಟು, ಕನ್ನಡಕ ಬಂದಿದೆ. ದುಂಡಸಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳಂತೆ.

“ಮಣಕಾಲು ಹ್ಯಾಂಗ ಅದಾವ ಕಾಕಾ? ಸಂದೀಗೆ ಎಣ್ಣಿ ಹಚ್ಚತೀರೋ, ಬರೇ ಬೈಕೋಂತ ಕುಂದರತೀರೋ?”

ಅಷ್ಟರಲ್ಲಿ ಅವಳ ಬಸ್ಸು ಬಂತು. ಕಿಟಕಿಯಿಂದ ಕೈ ಬೀಸಿದಳು. ನಾನು ನನ್ನ ಬಸ್ಸು ಬಂದು ಹೋದದ್ದನ್ನೂ ನೋಡದೆ ಅಲ್ಲಿಯೇ ಕೂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದಳು. ಕೊನೆಗೆ, “ನನ್ನ ಮುಂದ ಯಾಕ ಅಳ್ತೀಯೋ? ನಾ ಏನ್ ಹರಳಿಗೆ ಬೆಳಕು ಬಿಟ್ಟೇನೇನು? ಅಕೀಗೆ ಹೋಗಿ ಹೇಳು” ಅಂದಳು. ಎದ್ದು ಹೋಗುವಾಗ ಮತ್ತೆ ತಿರುಗಿ, “ಬರೇ ಕೈಲೆ ಹೋಗಬ್ಯಾಡ, ಅದನ್ನೂ ಒಯ್ಯಿ” ಅಂದಳು.

ಶನಿವಾರ ಹೋದೆ. ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ದುಂಡಸಿ ತಲುಪುವ ಹೊತ್ತಿಗೆ ಮಕ್ಕಳು ಬಯಲಿನಲ್ಲಿ ಕವಾಯತು ಮಾಡುತ್ತಿದ್ದರು. ಅವಳು ವಿಜ್ಞಾನದ ಕೋಣೆಯಲ್ಲಿ ಗಾಜಿನ ನಳಿಗೆಗಳನ್ನು ಒರೆಸುತ್ತಿದ್ದಳು.

“ಅಯ್ಯ ಕಾಕಾ, ಇಲ್ಲೀ ತನಕ ಯಾಕ ಬಂದ್ರಿ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ. ಕುಂದರ್ರಿ, ಚಾ ತರಸ್ತೇನಿ.”

“ಚಾ ಬ್ಯಾಡವ್ವಾ.” ಸುತ್ತಿದ್ದ ಬಟ್ಟೆ ಬಿಡಿಸಿ ಲಾಳವನ್ನು ಮೇಜಿನ ಮೇಲಿಟ್ಟೆ.

ಅವಳು ಅದನ್ನು ಎತ್ತಿ ತಿರುಗಿಸಿ ನೋಡಿದಳು. ಮುಖ ಅರಳಿತು. “ಇದು ಅಬ್ಬಾಂದು! ಕಡೀ ತೂತು ಸೊಟ್ಟ ಐತಿ ನೋಡ್ರಿ. ಯಾವಾಗ್ಲೂ ಕಡೀ ತೂತಿಗೆ ಅವಸರ ಮಾಡತಿದ್ರು. ನಿಮಗೆಲ್ಲಿ ಸಿಕ್ತು ಕಾಕಾ?”

ನಾನು ಹೇಳಿದೆ. ಕನ್ನಡಕ ಒಯ್ದ ದಿನದಿಂದ ರೊಟ್ಟಿಯ ಚೀಲದ ತನಕ, ಸರ್ ಕೋಣೆಯ ತನಕ, ದವಾಖಾನೆಯ ಬೆಂಚಿನ ತನಕ. ನಡುವೆ ಅವಳು ಲಾಳವನ್ನು ಮೇಜಿನ ಮೇಲಿಟ್ಟಳು. ಹೊರಗೆ ಡ್ರಿಲ್ ಮಾಸ್ತರರ ಸೀಟಿ ಕೇಳುತ್ತಿತ್ತು.

ಆಮೇಲೆ ಎದ್ದು ಕಪಾಟಿನಿಂದ ಮಕ್ಕಳಿಗೆ ತೋರಿಸುವ ದಿಕ್ಸೂಚಿ ತಂದು ಮೇಜಿನ ಮೇಲಿಟ್ಟಳು. ಮುಳ್ಳು ನಿಲ್ಲುವ ತನಕ ಕಾದಳು. ಲಾಳವನ್ನು ನಿಧಾನವಾಗಿ ಹತ್ತಿರ ತಂದಳು. ಮುಳ್ಳು ತಿರುಗಿತು. ಲಾಳದ ಇನ್ನೊಂದು ತುದಿ ತಂದಳು. ಮುಳ್ಳು ಈ ಸಲ ಎದುರು ದಿಕ್ಕಿಗೆ ತಿರುಗಿತು.

“ಪಿನ್ನು ಎತ್ತಲಿಲ್ಲ ಅಂತ ಸತ್ತ ಕಬ್ಬಿಣ ಅಂದ್ರಿ” ಅಂದಳು. “ಕಬ್ಬಿಣಾನ ಸುತ್ತಿಗೀಲೆ ಬಡದ್ರ ಭೂಮಿ ಕಾಂತ ಒಂಚೂರು ಅದರಾಗ ಉಳೀತೈತಿ. ಅಬ್ಬಾ ಬಡದು ನೆಟ್ಟಗ ಮಾಡಿದ್ರು ಅಂದ್ರಲ್ಲ.”

ಕಾಗದ ತೆಗೆದು ತಂಪು ಪಾತ್ರೆಯ ಚಿತ್ರ ಬರೆದಳು. “ಎಲ್ಲಿಟ್ರಿ, ತೋರಸ್ರಿ. ಹರಳಿಂದ ಎಷ್ಟು ಬೆರಳು ಕೆಳಗ? ಸೊಟ್ಟ ತೂತು ಯಾವ ಕಡೆ ಇತ್ತು? ಗೋಡೆ ಕಡೆನೋ, ಬಾಗಲಾ ಕಡೆನೋ?” ನಾನು ನೆನಪು ಮಾಡಿ ಹೇಳುತ್ತಾ ಹೋದೆ. ಬಾಗಿಲ ಕಡೆ. ಅದು ನನಗೆ ಮರೆಯುವಂಥದ್ದಲ್ಲ. ಅವಳು ಬಾಣ ಹಾಕುತ್ತಾ ಹೋದಳು. ಕೊನೆಯ ಬಾಣ ಹಾಕಿ ಪೆನ್ನು ಕೆಳಗಿಟ್ಟಳು.

“ಎಡಕ್ಕ” ಅಂದಳು. “ಎಡಕ್ಕ ಬರಬೇಕಾದ್ದ.”

ಕಾಗದವನ್ನು ಮಡಚುತ್ತಾ ಹೇಳಿದಳು, “ಇಷ್ಟು ವರ್ಷ ನನಗ ನನ್ನ ಮ್ಯಾಲೆ ಅನುಮಾನ ಇತ್ತು. ಬೇಕು ಬೇಕು ಅಂತ ನೋಡಿದ್ದಕ್ಕ ನಾನ ಎಲ್ಲೋ ಗೆರಿ ಬಾಗಿಸಿದ್ನೇನೋ ಅಂತ. ಮಕ್ಕಳು ಪರೀಕ್ಷಾದಾಗ ಉತ್ತರ ತಿದ್ದಿದ್ರ ಬೈಯಾಕ ಬಾಯಿ ಬರ್ತಿರಲಿಲ್ಲ.”

“ತಪ್ಪಾತವ್ವಾ. ನಿನ್ನ ಕಾಲಿಗೆ...”

“ಬ್ಯಾಡ್ರಿ. ಅದು ಬ್ಯಾಡ.” ಅವಳ ದನಿ ಮೊದಲ ಸಲ ಏರಿತು. “ನೀವೇನ್ ಮಾಡೀರಿ ಅಂತ ನಿಮಗ ಪೂರಾ ತಿಳದಿಲ್ಲ. ಲಾಳ ಸುಳ್ಳು ತೋರಿಸ್ತು, ಅದಕ್ಕ ನಾನು ಕೆಟ್ಟೆ ಅಂತ ತಿಳಕೊಂಡೀರಿ. ಹಗ್ಗ ಹಿಡದವರು ಒಬ್ಬರಿದ್ರು ಅಂದ ಮಾತ್ರಕ್ಕ ಎತ್ತೇ ಇರಲಿಲ್ಲ ಅಂತ ಆಗತೈತೇನ್ರಿ?”

ನನಗೆ ಅರ್ಥವಾಗಲಿಲ್ಲ. ಅವಳು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಹಗ್ಗ ಹಿಡಿಯುವವರು ಇಲ್ಲದಿದ್ದರೆ ಹರಳಿನ ಒಂದು ಮೂಲೆಯ ಹಂತಿ ಎಡಕ್ಕೆ, ಇನ್ನೊಂದು ಮೂಲೆಯದು ಬಲಕ್ಕೆ ತಿರುಗಬಹುದು. ಒಂದಕ್ಕೊಂದು ವಜಾ ಆಗಿ ಬೆಳಕಿಗೆ ಏನೂ ಕಾಣುವುದಿಲ್ಲ. ಲಾಳ ಇದ್ದಾಗ ಎಲ್ಲವೂ ಒಂದೇ ಕಡೆ ತಿರುಗಿರಬಹುದು, ಬೆಳಕಿಗೆ ಕಂಡಿರಬಹುದು. ಅಥವಾ ಲಾಳದ ಕಾಂತವೇ ಹರಳಿನೊಳಗೆ ಹೊಕ್ಕು ಮೋಸ ಮಾಡಿರಬಹುದು.

“ಎರಡರಾಗ ಯಾವದು ಅಂತ ನೋಡೂದು ಸರಳ. ಲಾಳ ಇಟ್ಟು ತಣ್ಣಗ ಮಾಡೂದು, ಆಮ್ಯಾಲೆ ಲಾಳ ತಗದು ಅಳಿಯೂದು. ಹಂತಿ ಸುರು ಆದ ಮ್ಯಾಲ ಹಗ್ಗ ಬಿಟ್ರೂ ಎತ್ತು ಹಂಗ ತಿರಗತಾವಲ್ಲ? ತಿರಗಿದ್ರ ಖರೆ, ನಿಂತ್ರ ಸುಳ್ಳು. ಒಂದು ವಾರದ ಕೆಲಸ. ಅವತ್ತು ಸರ್ ಕೇಳಿದಾಗ ‘ಲಾಳ ಇತ್ತು’ ಅಂದಿದ್ರ, ಮುಂದಿನ ವಾರ ತಿಳೀತಿತ್ತು.”

ಗಂಟೆ ಹೊಡೆಯಿತು. ಮಕ್ಕಳು ಬಾಗಿಲಲ್ಲಿ ಗುಂಪುಗೂಡಿದರು. ಅವಳು ಲಾಳವನ್ನು ತನ್ನ ಚೀಲದಲ್ಲಿ ಹಾಕಿಕೊಂಡಳು.

“ಇದು ನನ್ನ ಹತ್ರ ಇರಲಿ. ನೀವು ಸರ್‌ಗೆ ಬರೀರಿ, ಈಗ ಹೇಳಿದ್ದೆಲ್ಲಾ, ಬೆರಳಿನ ಲೆಕ್ಕ ಸಹಿತ. ಅದಾದ ಮ್ಯಾಲ ನಾಲ್ಕು ಮಂದಿ ಓದುವಂಗ ಬರೀರಿ. ನನ್ನ ಹೆಸರು ಹೋದದ್ದು ನಾಲ್ಕು ಮಂದ್ಯಾಗ.”

ನಾನು ಎದ್ದೆ. ಮೆಟ್ಟಿಲು ಇಳಿಯುವಾಗ ಗಮನಕ್ಕೆ ಬಂತು, ದಿಕ್ಸೂಚಿ ತಂದ ಮೇಲೆ ಅವಳು ಒಮ್ಮೆಯೂ ಕಾಕಾ ಅನ್ನಲಿಲ್ಲ.

ಸರ್‌ಗೆ ಬರೆದ ಕಾಗದ ನಾಲ್ಕು ಪುಟವಾಯಿತು. ಹಾನಗಲ್ಲಿನ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿದೆ. ಮೈ ಹಗುರವಾಗುತ್ತದೆಂದು ಕೇಳಿದ್ದೆ, ಆಗಲಿಲ್ಲ. ಮನೆಗೆ ಬಂದು ಮಲಗಿದವನನ್ನು ಅಕ್ಕ ಊಟಕ್ಕೂ ಎಬ್ಬಿಸಲಿಲ್ಲ.

ಎರಡು ವಾರದ ಮೇಲೆ ಅವಳ ಫೋನ್ ಬಂತು.

“ಸರ್ ಫೋನ್ ಮಾಡಿದ್ರು. ತಪ್ಪಾಯ್ತು ಅಂದ್ರು. ಹರಳು ಇನ್ನೂ ಡಬ್ಬ್ಯಾಗ ಐತಂತ. ಲಾಳ ಪಾರ್ಸಲ್ ಮಾಡು, ಇಟ್ಟು ನೋಡ್ತೇವಿ ಅಂದ್ರು. ಕಳಸಂಗಿಲ್ಲ ಅಂದೆ. ನಾನ ತರ್ತೇನಿ, ನನ್ನ ಕೈಲೇನ ಅಳೀತೇನಿ ಅಂದೆ. ದಸರಾ ಸೂಟಿಗೆ ಹೋಗಾಕತ್ತೇನಿ.”

“ಚಲೋ ಆತವ್ವಾ.”

“ನೀವೂ ಬರಬೇಕು. ಎಲ್ಲಿಟ್ಟಿದ್ರಿ, ಯಾವ ಕಡೆ ಇಟ್ಟಿದ್ರಿ, ಅಲ್ಲೇ ನಿಮ್ಮ ಕೈಲೆ ಇಡಬೇಕು. ಎಲ್ಲಾರ ಎದುರಿಗೆ. ಹೀಲಿಯಂ ತುಂಬಾಕೂ ಅಲ್ಲಿ ಈಗ ಸರಿಯಾದವರು ಇಲ್ಲಂತ.”

ಎಲ್ಲವೂ ಕಣ್ಣೆದುರು ಬಂತು. ಆ ಕೋಣೆ, ಬಾಗಿಲ ಬಳಿಯ ತಟ್ಟೆ, ಅದರಲ್ಲಿ ಎಲ್ಲರ ಕೀಲಿ ಗಡಿಯಾರ, ಎಲ್ಲರೂ ನೋಡುತ್ತಿರುವಾಗ ಉಣ್ಣೆಯ ಬಟ್ಟೆ ಎತ್ತಿ ಲಾಳ ಇಡುವ ನನ್ನ ಕೈ. ಏಳು ವರ್ಷ ಯಾವುದರಿಂದ ಓಡಿದ್ದೆನೋ ಅದೇ.

“ಬರ್ತೀರೋ ಇಲ್ಲೋ?”

“ಬರ್ತೇನಿ.”

ಅವಳು ಫೋನ್ ಇಟ್ಟಳು. ಅಕ್ಕ ಒಳಗಿನಿಂದ, “ಯಾರ ಫೋನು? ಏನಂತ?” ಎಂದು ಕೇಳಿದಳು. ನಾನು ಟ್ರಂಕು ಎಳೆದೆ. ಹಳೆಯ ಧೋತರದ ಕೆಳಗೆ, ಲಾಳ ಇದ್ದ ಜಾಗದ ಪಕ್ಕದಲ್ಲಿ, ಅವಳು ಕೊಟ್ಟಿದ್ದ ಉಣ್ಣೆಯ ಕೈಗವಸುಗಳಿದ್ದವು. ನುಸಿ ತಿಂದಿರಬಹುದೆಂದುಕೊಂಡಿದ್ದೆ. ತಿಂದಿರಲಿಲ್ಲ. ತೆಗೆದು ಹೊರಗೆ ಬಿಸಿಲಿಗೆ ಹಾಕಿದೆ.